ಅಪ್ಪನ ಭುಜದ ಸ್ನಾಯುವಿಗೆ ಕೊಬ್ಬು ತುಂಬಿದೆಯಂತೆ. ಬೆಣ್ಣೆ ಬಿಟ್ಟರೆ ಕರಗುತ್ತದೆಯೇ?

ತೋಟದಮನೆ, ಚನ್ನಗಿರಿ ತಾಲ್ಲೂಕು · ಭಾನುವಾರ ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ನಾಲ್ಕು ಎಕರೆ ಅಡಿಕೆ ಇದೆ. ಮೂವತ್ತು ವರ್ಷದಿಂದ ಕೊಯ್ಲಿಗೆ ತಾವೇ ದೋಟಿ ಹಿಡಿಯುವವರು. ಹೋದ ವರ್ಷ ಯುಗಾದಿ ಕಳೆದ ವಾರದಲ್ಲಿ ಸಂತೆಬೆನ್ನೂರಿನ ಹತ್ತಿರ ಮೊಪೆಡ್ ಜಾರಿ ಬಲಗೈ ಊರಿ ಬಿದ್ದರು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ, ಮನೆಯವರೆಲ್ಲ ನಿಟ್ಟುಸಿರು ಬಿಟ್ಟೆವು. ನರ ಎಳೆದಿದೆ ಎಂದು ಒಬ್ಬರು ಎಣ್ಣೆ ತಿಕ್ಕಿದರು. ಭುಜ ಹಿಡಿದುಕೊಂಡಿದೆ ಎಂದು ಇನ್ನೊಬ್ಬರು ಮೂರು ಇಂಜೆಕ್ಷನ್ ಕೊಟ್ಟರು. ಪ್ರತಿ ಇಂಜೆಕ್ಷನ್ನಿಗೂ ಎರಡು ತಿಂಗಳು ನೋವು ಹೋಗುತ್ತಿತ್ತು, ಅಪ್ಪ ಮತ್ತೆ ತೋಟಕ್ಕೆ ಇಳಿಯುತ್ತಿದ್ದರು.

ಈಗ 14 ತಿಂಗಳಾಗಿದೆ. ತಲೆ ಬಾಚುವಾಗ ಅಪ್ಪನ ಕೈ ತಲೆಗೆ ಹೋಗುವುದಿಲ್ಲ, ತಲೆಯೇ ಕೈಗೆ ಬರುತ್ತದೆ. ಮೊನ್ನೆ ದಾವಣಗೆರೆಯಲ್ಲಿ ಎಂಆರ್‌ಐ ಮಾಡಿಸಿದೆವು. ಮೂಳೆ ಡಾಕ್ಟರು ವರದಿಯಲ್ಲಿ ಒಂದು ಸಾಲಿಗೆ ಪೆನ್ನಿನಿಂದ ಸುತ್ತು ಹಾಕಿ, "ಸ್ನಾಯುವಿಗೆ ಕೊಬ್ಬು ತುಂಬಿದೆ, ಗುರುವಾರ ಬನ್ನಿ, ಕೂತು ಮಾತಾಡೋಣ" ಎಂದರು. ಆ ಸಾಲಿನಲ್ಲಿರುವುದು: ಸುಪ್ರಾಸ್ಪೈನೇಟಸ್ ರಜ್ಜು ಪೂರ್ತಿ ಹರಿದು ಹಿಂದಕ್ಕೆ ಸರಿದಿದೆ, ಗೂಟಾಲಿಯೆ ಗ್ರೇಡ್ 3 ಕೊಬ್ಬು.

ಅಪ್ಪ ಕೇಳಿಸಿಕೊಂಡದ್ದು "ಕೊಬ್ಬು" ಎಂಬ ಒಂದೇ ಮಾತು. ಬೆಣ್ಣೆದೋಸೆ ಬಿಟ್ಟರು. ತುಪ್ಪ ಬಿಟ್ಟರು. ಅವ್ವ ಒಗ್ಗರಣೆಗೂ ಎಣ್ಣೆ ಅಳೆದು ಹಾಕುತ್ತಿದ್ದಾಳೆ. ಅಪ್ಪ ಕಡ್ಡಿಯಂತಿರುವ ಮನುಷ್ಯ, ಹೊಟ್ಟೆಯಲ್ಲಿ ಇಲ್ಲದ ಕೊಬ್ಬು ಭುಜಕ್ಕೆ ಎಲ್ಲಿಂದ ಬಂತು? ತಿಳಿದವರು ಹೇಳಿ.

ಬೆಣ್ಣೆಪಕ್ಷ · ರಾತ್ರಿ 9.31

ಬೆಣ್ಣೆದೋಸೆ ತಿಂದರೆ ಭುಜಕ್ಕೆ ಕೊಬ್ಬು ತುಂಬುವುದಾದರೆ ದಾವಣಗೆರೆಯಲ್ಲಿ ಒಬ್ಬರೂ ಕೈ ಎತ್ತಿ ಬಸ್ ನಿಲ್ಲಿಸುವಂತಿರಲಿಲ್ಲ. ಅಪ್ಪನವರಿಗೆ ನಮ್ಮ ಪಕ್ಷದ ಪರವಾಗಿ ಧೈರ್ಯ ಹೇಳಿ. ಉಳಿದದ್ದನ್ನು ತಿಳಿದವರು ಬರೆಯುತ್ತಾರೆ.

ಕೋಟೆಕೆಳಗೆ, ಚಿತ್ರದುರ್ಗ · ರಾತ್ರಿ 9.58

ತಂಗಿ, ಹೆದರಬೇಡ. ನಾನು ನಿವೃತ್ತ ಮೇಷ್ಟ್ರು, 19 ವರ್ಷದ ಸಕ್ಕರೆ ಕಾಯಿಲೆ. ನನಗೂ ಇದೇ ಆಗಿತ್ತು. ಬೋರ್ಡಿನ ಮೇಲ್ತುದಿಗೆ ಕೈ ಹೋಗುತ್ತಿರಲಿಲ್ಲ, ತರಗತಿಯ ಉದ್ದದ ಹುಡುಗನಿಂದ ದಿನಾಂಕ ಬರೆಸುತ್ತಿದ್ದೆ. ಬಿಸಿನೀರಿನ ಕಾವು, ಗೋಡೆಗೆ ಬೆರಳಾಡಿಸುವ ವ್ಯಾಯಾಮ, ಒಂದೂವರೆ ವರ್ಷದ ತಾಳ್ಮೆ. ಅಷ್ಟರಲ್ಲಿ ತಾನಾಗಿ ಬಿಟ್ಟುಕೊಂಡಿತು. ಎಂಆರ್‌ಐ ಗಿಂಆರ್‌ಐ ಏನೂ ಬೇಕಾಗಲಿಲ್ಲ. ನಿನ್ನ ತಂದೆಗೂ ಕಾಯಲು ಹೇಳು.

ಕಪ್ಪುಬಿಳುಪು · ರಾತ್ರಿ 11.15

ಮೇಷ್ಟ್ರೇ, ಕ್ಷಮಿಸಿ, ನಿಮಗಾದದ್ದು ಬೇರೆ, ಇವರ ತಂದೆಗೆ ಆಗಿರುವುದು ಬೇರೆ. ನಿಮ್ಮದು ಕೀಲಿನ ಸುತ್ತಲಿನ ಪೊರೆ ಬಿಗಿದುಕೊಂಡದ್ದು. ಸಕ್ಕರೆ ಕಾಯಿಲೆಯವರಲ್ಲಿ ಅದು ಹೆಚ್ಚು, ಬಹುಪಾಲು ತಾನಾಗಿ ಸಡಿಲವಾಗುತ್ತದೆ. ಹರಿದ ರಜ್ಜು ತಾನಾಗಿ ಬಂದು ಮೂಳೆಗೆ ಅಂಟಿಕೊಳ್ಳುವುದಿಲ್ಲ. ಕಾಯುವುದು ನಿಮಗೆ ಮದ್ದಾಯಿತು, ಇವರಿಗೆ ಅದೇ ಕೇಡು.

ನಾನು ರೇಡಿಯಾಲಜಿ ಓದುತ್ತಿರುವವನು, ದಿನಕ್ಕೆ ಹತ್ತಾರು ಭುಜ ನೋಡುತ್ತೇನೆ. ನಮ್ಮ ಭುಜದ ಕೀಲು ಆಳವಾದ ಗುಂಡಿಯಲ್ಲಿ ಕೂತಿಲ್ಲ, ತಟ್ಟೆಯ ಮೇಲೆ ಚೆಂಡು ಇಟ್ಟಂತಿದೆ. ಆ ಚೆಂಡು ಜಾರದಂತೆ ಹಿಡಿದಿರುವುದು ಹೆಗಲ ಮೂಳೆಯಿಂದ ಹೊರಟ ನಾಲ್ಕು ಸ್ನಾಯುಗಳು. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಬಿಳಿಯ ಹುರಿಯೇ ರಜ್ಜು. ನಮ್ಮ ಕಡೆ ಸ್ನಾಯು, ರಜ್ಜು, ನರ ಮೂರಕ್ಕೂ "ನರ" ಎಂದೇ ಹೇಳುವುದರಿಂದ ಅರ್ಧ ಗೊಂದಲ ಅಲ್ಲಿಯೇ ಶುರು. ನಾಲ್ಕರಲ್ಲಿ ಎಲ್ಲಕ್ಕಿಂತ ಮೇಲಿರುವುದು ಸುಪ್ರಾಸ್ಪೈನೇಟಸ್, ಹರಿಯುವುದೂ ಬಹಳ ಸಲ ಅದೇ.

ಎಂಆರ್‌ಐನ ಒಂದು ಬಗೆಯ ಚಿತ್ರದಲ್ಲಿ ಸ್ನಾಯು ಬೂದು, ಕೊಬ್ಬು ಬೆಳ್ಳಗೆ ಕಾಣುತ್ತದೆ. ಭುಜವನ್ನು ಬ್ರೆಡ್ಡಿನಂತೆ ಅಡ್ಡಲಾಗಿ ಸೀಳಿ ನೋಡುತ್ತೇವೆ ಎಂದುಕೊಳ್ಳಿ. ಮಟನ್ ಅಂಗಡಿಯಲ್ಲಿ ತುಂಡಿನ ನಡುವೆ ಬಿಳಿ ಗೆರೆ ಕಾಣುತ್ತದಲ್ಲ, ಹಾಗೆ. ಫ್ರಾನ್ಸಿನ ಡೇನಿಯಲ್ ಗೂಟಾಲಿಯೆ ಮತ್ತು ಸಂಗಡಿಗರು 1994ರಲ್ಲಿ ಸಿಟಿ ಸ್ಕ್ಯಾನ್ ನೋಡಿ ಇದಕ್ಕೆ ದರ್ಜೆ ಕೊಟ್ಟರು. 1999ರಲ್ಲಿ ಸ್ವಿಟ್ಜರ್ಲೆಂಡಿನವರು ಅದನ್ನೇ ಎಂಆರ್‌ಐಗೆ ಹೊಂದಿಸಿದರು. ಕೊಬ್ಬೇ ಇಲ್ಲದಿದ್ದರೆ 0. ಒಂದೆರಡು ಬಿಳಿ ಗೆರೆ ಇದ್ದರೆ 1. ಕೊಬ್ಬಿಗಿಂತ ಸ್ನಾಯು ಹೆಚ್ಚಿದ್ದರೆ 2. ಎರಡೂ ಸಮ ಇದ್ದರೆ 3. ಕೊಬ್ಬೇ ಹೆಚ್ಚಾದರೆ 4.

ಒಂದು ಮಾತು ಸೇರಿಸಲೇಬೇಕು. ಇದು ಕಣ್ಣಳತೆ. ಒಬ್ಬರು 2 ಎಂದದ್ದನ್ನು ಇನ್ನೊಬ್ಬರು 3 ಎನ್ನುವುದುಂಟು. ರಜ್ಜು ಹಿಂದಕ್ಕೆ ಸರಿದಾಗ ಸ್ನಾಯುವಿನ ಬೇರೆಯೇ ಭಾಗ ಆ ಸೀಳಿನಲ್ಲಿ ಬಂದು ಕೂರುವುದರಿಂದ ಲೆಕ್ಕ ಸ್ವಲ್ಪ ತಪ್ಪಲೂಬಹುದು. ವರದಿಯ ಅಂಕಿಯೊಂದನ್ನೇ ನೋಡಿ ಎದೆಗುಂದಬೇಡಿ.

ಕೋಟೆಕೆಳಗೆ, ಚಿತ್ರದುರ್ಗ · ಸೋಮವಾರ ಬೆಳಿಗ್ಗೆ 6.05

ತಿದ್ದಿದ್ದಕ್ಕೆ ಸಂತೋಷ. ಮೇಷ್ಟ್ರನ್ನು ತಿದ್ದುವ ಹುಡುಗರು ಈಗ ಕಡಿಮೆ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಮಟನ್ ಉದಾಹರಣೆ ಓದಿಸಿದೆಯಲ್ಲ ಮಾರಾಯ, ನಮ್ಮಂಥವರಿಗೂ ದಕ್ಕುವ ಉದಾಹರಣೆ ಇಲ್ಲವೇ?

ಕಪ್ಪುಬಿಳುಪು · ಬೆಳಿಗ್ಗೆ 7.40

ಇದೆ ಮೇಷ್ಟ್ರೇ, ಅದೂ ಅವರ ಮನೆಯಲ್ಲಿಯೇ ಇದೆ. ತೋಟದಮನೆಯವರೇ, ಅಡಕತ್ತರಿಯಲ್ಲಿ ಅಡಿಕೆಯನ್ನು ಅಡ್ಡಲಾಗಿ ಕತ್ತರಿಸಿ ಹೋಳಿನ ಮುಖ ನೋಡಿ. ಕಂದುಬಣ್ಣದ ನಡುವೆ ಬಿಳಿ ಗೆರೆಗಳು ಬಳ್ಳಿಯ ಹಾಗೆ ಓಡಾಡಿರುತ್ತವೆ. ಕಂದು ಸ್ನಾಯು, ಬಿಳಿ ಕೊಬ್ಬು ಎಂದು ತಂದೆಗೆ ತೋರಿಸಿ.

ಗಿಡಮೂಲಿಕೆ · ಬೆಳಿಗ್ಗೆ 9.12

ನಮ್ಮ ಮನೆತನದ ಎಣ್ಣೆಯೊಂದಿದೆ. 21 ದಿನ ಹಚ್ಚಿದರೆ ಒಳಗಿನ ಕೊಬ್ಬು ಕರಗಿ ಬೆವರಾಗಿ ಬರುತ್ತದೆ. ಬೇಕಾದವರು ಖಾಸಗಿಯಾಗಿ ಸಂದೇಶ ಕಳಿಸಿ.

ಭುಜಬಲ · ಬೆಳಿಗ್ಗೆ 9.30

ಕೊಬ್ಬು ಬೆವರಾಗಿ ಬರುವುದಾದರೆ ಮಂಡಕ್ಕಿ ಭಟ್ಟಿಯ ಮುಂದೆ ನಿಂತವರಿಗೆ ಈ ಕಾಯಿಲೆಯೇ ಬರಬಾರದಿತ್ತು. ನನ್ನ ಹತ್ತಿರ ಭುಜನೋವಿಗೆ ಬರುವವರಲ್ಲಿ ಅವರೂ ಇದ್ದಾರೆ. ಎಣ್ಣೆ ತಿಕ್ಕಿದರೆ ಹಿತವಾಗುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಚರ್ಮದ ಮೇಲೆ ಹಚ್ಚಿದ್ದು ಹೆಗಲ ಮೂಳೆಯ ಗುಳಿಯೊಳಗಿನ ಸ್ನಾಯುವಿನ ಕೊಬ್ಬನ್ನು ಕರಗಿಸುವುದಿಲ್ಲ. ಸಂಜೆ ಕ್ಲಿನಿಕ್ ಮುಗಿಸಿ ವಿವರವಾಗಿ ಬರೆಯುತ್ತೇನೆ.

ತೋಟದಮನೆ, ಚನ್ನಗಿರಿ ತಾಲ್ಲೂಕು · ಮಧ್ಯಾಹ್ನ 2.10

ಅಡಿಕೆ ಕತ್ತರಿಸಿ ತೋರಿಸಿದೆ. ಅಪ್ಪ ಎಡಗೈಯಲ್ಲಿ ಹೋಳನ್ನು ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. "ಅರ್ಧಕ್ಕರ್ಧ ಬಿಳಿ ಅಂದರೆ ಈ ಮಾಲಿಗೆ ಮಂಡಿಯಲ್ಲಿ ರೇಟು ಬೀಳುವುದಿಲ್ಲ" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಣ್ಣೆ ಮಾತ್ರ ಇನ್ನೂ ಮುಟ್ಟಿಲ್ಲ. "ಬಿಳಿ ಬಂದದ್ದಾದರೂ ಎಲ್ಲಿಂದ, ಅದು ಹೇಳಲಿ ಮೊದಲು" ಎನ್ನುತ್ತಿದ್ದಾರೆ.

ಭುಜಬಲ · ರಾತ್ರಿ 8.45

ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುವವನು ನಾನು. ತಂದೆಯವರ ಪ್ರಶ್ನೆ ಸರಿಯಾಗಿದೆ. ಹೊರಗಿನಿಂದ ಬಂದು ತುಂಬಿದ ಕೊಬ್ಬಲ್ಲ ಅದು, ಅಲ್ಲಿಯೇ ಹುಟ್ಟಿದ್ದು.

ಅಡಿಕೆಯ ಸೋಗೆ ನೋಡಿ. ನಡುವೆ ದಿಂಡು, ಅದಕ್ಕೆ ಓರೆಯಾಗಿ ಅಂಟಿದ ಗರಿಗಳು. ಸುಪ್ರಾಸ್ಪೈನೇಟಸ್ ಇರುವುದೂ ಹಾಗೆಯೇ. ರಜ್ಜು ದಿಂಡಿನಂತೆ ಒಳಗೆ ಹಾಯ್ದಿರುತ್ತದೆ, ಎಳೆಗಳು ಅದಕ್ಕೆ ಓರೆಯಾಗಿ ಸೇರಿರುತ್ತವೆ. ರಜ್ಜು ಮೂಳೆಯಿಂದ ಕಿತ್ತುಕೊಂಡು ಹಿಂದಕ್ಕೆ ಸರಿದಾಗ ಎಳೆಗಳು ಗಿಡ್ಡವಾಗುತ್ತವೆ, ಅವುಗಳ ಓರೆ ಹೆಚ್ಚುತ್ತದೆ, ನಡುವೆ ಸಂದು ಬೀಳುತ್ತದೆ. ಆ ಸಂದಿನಲ್ಲಿ ಕೊಬ್ಬು ಕೂರುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಕ್ರಿಶ್ಚಿಯನ್ ಗರ್ಬರ್ ಮತ್ತು ಸಂಗಡಿಗರು ಕುರಿಗಳ ಭುಜದ ರಜ್ಜನ್ನು ಬಿಡಿಸಿ, ತಿಂಗಳುಗಟ್ಟಲೆ ಬಿಟ್ಟು, ಮತ್ತೆ ಹೊಲಿದು ನೋಡಿದರು. 2004ರಲ್ಲಿ ಅದನ್ನು ಪ್ರಕಟಿಸಿದರು. ಹೊಲಿದ ಮೇಲೂ ತುಂಬಿದ ಕೊಬ್ಬು ಹಿಂದಕ್ಕೆ ಹೋಗಲಿಲ್ಲ. (ಚಳ್ಳಕೆರೆ ಕಡೆಯ ಕುರಿಗಾರರು ಕೇಳಿದರೆ ಬಯ್ದಾರು.)

ಸಂದು ಬಿದ್ದರೆ ಸಾಕೇ, ತುಂಬುವವರು ಬೇಕಲ್ಲ? ಸ್ನಾಯುವಿನೊಳಗೇ ಒಂದು ಬಗೆಯ ಮೂಲಕೋಶಗಳು ಮೊದಲಿನಿಂದ ಇರುತ್ತವೆ. 2010ರಲ್ಲಿ ಕೆನಡಾ ಮತ್ತು ಜಪಾನಿನ ಎರಡು ತಂಡಗಳು ಇಲಿಗಳಲ್ಲಿ ಇವನ್ನು ಗುರುತಿಸಿದವು. ಸ್ನಾಯುವಿಗೆ ಪೆಟ್ಟು ಬಿದ್ದಾಗ ಇವು ಹೆಚ್ಚಾಗುತ್ತವೆ, ದುರಸ್ತಿಗೆ ಕೈಜೋಡಿಸುತ್ತವೆ, ಕೆಲಸ ಮುಗಿದಾಗ ಕರಗಿಹೋಗುತ್ತವೆ. ಆದರೆ ಸ್ನಾಯುವಿಗೆ ಎಳೆತವೇ ಇಲ್ಲದಂತಾದರೆ ಇವು ಹೋಗದೆ ಉಳಿದು, ಕೊಬ್ಬಿನ ಕೋಶಗಳಾಗಿ, ಗಾಯದ ನಾರಾಗಿ ಬದಲಾಗುತ್ತವೆ. ರಿಪೇರಿಗೆಂದು ಬಂದ ಮೇಸ್ತ್ರಿ ಮನೆಯಲ್ಲಿಯೇ ಸಂಸಾರ ಹೂಡಿದಂತೆ. ರಜ್ಜು ಸರಿದಾಗ ಆ ಸ್ನಾಯುವಿಗೆ ಹೋಗುವ ನರವೂ ಎಳೆದುಕೊಳ್ಳುತ್ತದೆ, ಅದೂ ಒಂದು ಕಾರಣ ಎನ್ನುವವರಿದ್ದಾರೆ. ಎಲ್ಲರೂ ಒಪ್ಪುವುದಿಲ್ಲ.

ಆದ್ದರಿಂದ ಬೆಣ್ಣೆಗೂ ಇದಕ್ಕೂ ಸಂಬಂಧವಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ಬೀಡಿ ಸಿಗರೇಟು ಇದ್ದರೆ ಹೊಲಿದ ರಜ್ಜು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಬಿಡುವುದಿದ್ದರೆ ಅದನ್ನು ಬಿಡಲಿ.

ಇನ್ನೊಂದು. ಅಪ್ಪನನ್ನು ಕೂರಿಸಿ, ನೀವೇ ಅವರ ಕೈಯನ್ನು ಮೆಲ್ಲಗೆ ಮೇಲಕ್ಕೆತ್ತಿ. ಪೂರ್ತಿ ಹೋಗುತ್ತದೆಯೇ? ಹೋದರೆ ನಿಧಾನವಾಗಿ ಇಳಿಸುತ್ತಾ ಭುಜದ ಮಟ್ಟಕ್ಕೆ ತಂದು, "ಈಗ ನೀವೇ ಹಿಡಿದುಕೊಳ್ಳಿ" ಎನ್ನಿ. ನಿಮ್ಮ ಅಂಗೈ ಕೆಳಗೇ ಇರಲಿ, ಪೂರ್ತಿ ಬಿಟ್ಟುಬಿಡಬೇಡಿ.

ತೋಟದಮನೆ, ಚನ್ನಗಿರಿ ತಾಲ್ಲೂಕು · ರಾತ್ರಿ 10.30

ಮಾಡಿದೆವು. ನಾನು ಎತ್ತಿದರೆ ಕೈ ಕಿವಿಯ ಪಕ್ಕದವರೆಗೂ ಸರಾಗವಾಗಿ ಹೋಯಿತು. ಹದಿನಾಲ್ಕು ತಿಂಗಳಲ್ಲಿ ಅಪ್ಪನ ಕೈಯನ್ನು ಅಷ್ಟು ಮೇಲೆ ನೋಡಿರಲಿಲ್ಲ, ಅವರೇ ಆಶ್ಚರ್ಯದಿಂದ ನೋಡಿಕೊಂಡರು. ಭುಜದ ಮಟ್ಟಕ್ಕೆ ತಂದು ಹಿಡಿದುಕೊಳ್ಳಿ ಎಂದ ಕೂಡಲೇ ಸೇದುವ ಹಗ್ಗ ತುಂಡಾದ ಕೊಡದ ಹಾಗೆ ನನ್ನ ಅಂಗೈ ಮೇಲೆ ಕುಸಿಯಿತು.

ಅಷ್ಟು ಹೊತ್ತಿಗೆ ಅಡುಗೆಮನೆಯಿಂದ ಅವ್ವ ಬಂದಳು. "ಬಿದ್ದದ್ದು ಹೋದ ವರ್ಷ. ಇವರು ಬಲ ಮಗ್ಗುಲಿಗೆ ಮಲಗುವುದನ್ನು ಬಿಟ್ಟು ಐದಾರು ವರ್ಷವಾಯಿತು" ಎಂದಳು. ಅಪ್ಪ ಇಲ್ಲ ಎನ್ನಲಿಲ್ಲ. ಇಷ್ಟು ದಿನ ಯಾರೂ ಅವ್ವನನ್ನು ಕೇಳಿರಲಿಲ್ಲ.

ಕಪ್ಪುಬಿಳುಪು · ರಾತ್ರಿ 10.52

ಅವ್ವ ಹೇಳಿದ್ದು ನಮ್ಮ ವರದಿಗಿಂತ ಮುಖ್ಯ! ನನಗೆ 14 ತಿಂಗಳಿಗೆ ಗ್ರೇಡ್ 3 ಸ್ವಲ್ಪ ಬೇಗ ಎನಿಸಿತ್ತು. 2010ರಲ್ಲಿ ಪ್ರಕಟವಾದ ಫ್ರಾನ್ಸಿನ ದೊಡ್ಡ ಅಧ್ಯಯನವೊಂದರಲ್ಲಿ 1,688 ಜನರ ಭುಜ ನೋಡಿದ್ದರು. ಸುಪ್ರಾಸ್ಪೈನೇಟಸ್‌ನಲ್ಲಿ ಮಧ್ಯಮ ಮಟ್ಟದ ಕೊಬ್ಬು ಕಾಣಿಸಿಕೊಂಡದ್ದು ತೊಂದರೆ ಶುರುವಾಗಿ ಸರಾಸರಿ 3 ವರ್ಷಕ್ಕೆ, ತೀವ್ರವಾದದ್ದು ಸರಾಸರಿ 5 ವರ್ಷಕ್ಕೆ. ನಿಮ್ಮ ತಂದೆಯ ರಜ್ಜು ಮೊದಲೇ ಸವೆದು ಹರಿಯುತ್ತಾ ಬಂದಿರಬೇಕು, ಮೊಪೆಡ್ ಬಿದ್ದಾಗ ಉಳಿದದ್ದೂ ಕಿತ್ತಿರಬೇಕು. ಗುರುವಾರ ಡಾಕ್ಟರಿಗೆ ಇದನ್ನು ತಪ್ಪದೆ ಹೇಳಿ.

ಹಮಾಲಿಮಗ, ದಾವಣಗೆರೆ · ಮಂಗಳವಾರ ಬೆಳಿಗ್ಗೆ 7.15

ಬರೆಯಬಾರದು ಎಂದುಕೊಂಡಿದ್ದೆ. ನನ್ನ ಅಪ್ಪ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದವರು. ಮೆಕ್ಕೆಜೋಳದ ಕಾಲದಲ್ಲಿ ಲಾರಿಗಳು ಸಾಲುಗಟ್ಟಿದರೆ ಊಟಕ್ಕೂ ಬಿಡುವಿಲ್ಲ. ಒಂದು ದಿನ ಮೂಟೆ ಇಳಿಸುವಾಗ ಎಡಭುಜದಲ್ಲಿ ಏನೋ "ಪಟ್" ಎಂದಿತಂತೆ. ಕೂಲಿ ತಪ್ಪುತ್ತದೆಂದು ಯಾರಿಗೂ ಹೇಳಲಿಲ್ಲ. ಬಲಭುಜಕ್ಕೆ ಮೂಟೆ ಬದಲಾಯಿಸಿಕೊಂಡರು, ಅಷ್ಟೇ. ನಾಲ್ಕು ವರ್ಷ.

ಕೊನೆಗೆ ದೂರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದಾಗ ಗ್ರೇಡ್ 4. ಕೀಹೋಲ್ ಹಾಕಿ ಒಳಗೆ ಹೋದವರು ಒಂದೂವರೆ ಗಂಟೆಯ ನಂತರ ಹೊರಗೆ ಬಂದು ನನ್ನನ್ನು ಕರೆದರು. "ಹಳೇ ಗೋಣಿಗೆ ಹೊಲಿಗೆ ಹಾಕಿದ ಹಾಗೆ ಆಗುತ್ತಿದೆ, ದಾರ ಹಿಡಿಯುತ್ತಿಲ್ಲ. ಬಂದಷ್ಟನ್ನು ಎಳೆದು ಕಟ್ಟಿದ್ದೇವೆ" ಎಂದರು. ನೋವು ಕಡಿಮೆಯಾಯಿತು, ಅದು ನಿಜ, ರಾತ್ರಿ ನಿದ್ದೆ ಮಾಡುತ್ತಾರೆ. ಬಲ ಬರಲಿಲ್ಲ. ಈಗ ಅದೇ ಅಂಗಡಿಯ ಮುಂದೆ ಕೂತು ಮೂಟೆ ಎಣಿಸಿ ಚೀಟಿ ಬರೆಯುತ್ತಾರೆ.

ತೋಟದಮನೆ ಅಕ್ಕ, ಗ್ರೇಡ್ 3 ಇದ್ದಾಗಲೇ ತಿಳಿದಿದೆ, ಇನ್ನು ತಡ ಮಾಡಬೇಡಿ.

ನೀರುಗಂಟಿ · ಬೆಳಿಗ್ಗೆ 8.40

ಎಲ್ಲರೂ ಆಪರೇಷನ್ ಎನ್ನುತ್ತಿದ್ದೀರಿ. ನಮ್ಮ ಮಾವನಿಗೆ ರಜ್ಜು ಪೂರ್ತಿ ಹರಿದಿತ್ತು, ಬರೀ ವ್ಯಾಯಾಮದಲ್ಲಿ ಸರಿಹೋದರು. ಈಗ ಪಂಪ್‌ಸೆಟ್ಟಿನ ಸ್ಟಾರ್ಟರ್ ಅವರೇ ಒತ್ತುತ್ತಾರೆ. ಸುಮ್ಮನೆ ಹೆದರಿಸಬೇಡಿ.

ಭುಜಬಲ · ಮಧ್ಯಾಹ್ನ 1.30

ನೀರುಗಂಟಿಯವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಪೂರ್ತಿ ಹರಿದ ರಜ್ಜಿನವರಿಗೆ ಬರೀ ವ್ಯಾಯಾಮ ಕೊಟ್ಟು ಎರಡು ವರ್ಷ ನೋಡಿದರು. ಆಪರೇಷನ್ ಬೇಕೆಂದು ಹೋದವರು ಕಾಲು ಭಾಗಕ್ಕಿಂತ ಕಡಿಮೆ. ಆದರೆ ಅವರೆಲ್ಲ ಪೆಟ್ಟಿಲ್ಲದೆ, ವಯಸ್ಸಿಗೆ ಸವೆದು ಹರಿದವರು. ಬಿದ್ದು ಹರಿದದ್ದಕ್ಕೆ ಈ ಲೆಕ್ಕವನ್ನು ಹಾಗೆಯೇ ತಂದು ಹಾಕಬಾರದು. ವ್ಯಾಯಾಮದಿಂದ ರಜ್ಜು ಕೂಡಿಕೊಂಡಿತು ಎಂದೂ ತಿಳಿಯಬೇಡಿ. ಉಳಿದ ಸ್ನಾಯುಗಳು, ಮುಖ್ಯವಾಗಿ ಹೊರಗಿನ ದಪ್ಪ ರಟ್ಟೆಸ್ನಾಯು, ಆ ಕೆಲಸವನ್ನು ಹಂಚಿಕೊಳ್ಳುತ್ತವೆ. ಸ್ಟಾರ್ಟರ್ ಇರುವುದು ಎದೆಯ ಮಟ್ಟದಲ್ಲಿ, ಅಡಿಕೆ ಗೊನೆ ಇರುವುದು ಐವತ್ತು ಅಡಿ ಮೇಲೆ.

ಹಮಾಲಿಮಗ ಹೇಳಿದ್ದೂ ಸತ್ಯ. ಗ್ರೇಡ್ 3, 4 ಆದಮೇಲೆ ಹೊಲಿದದ್ದು ಮತ್ತೆ ಬಿಡುವ ಸಂಭವ ಹೆಚ್ಚು. ಹೊಲಿಗೆಯಿಂದ ಸಿಗುವ ದೊಡ್ಡ ಲಾಭ, ಇನ್ನೂ ಚೆನ್ನಾಗಿರುವ ಸ್ನಾಯು ಕೆಡದಂತೆ ತಡೆಯುವುದು. ಕೆಟ್ಟದ್ದನ್ನು ವಾಪಸು ತರುವುದಲ್ಲ. ಇದನ್ನು ಮೊದಲೇ ಯಾರಾದರೂ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಆಪರೇಷನ್ ಆದ ಆರು ತಿಂಗಳಿಗೆ ಜನ ನನ್ನ ಮೇಜಿನ ಮುಂದೆ ಕೂತು "ಇನ್ನೂ ಕೈ ಏಳಲಿಲ್ಲವಲ್ಲ" ಎಂದು ಕೇಳುತ್ತಾರೆ. ಉತ್ತರ ಹೇಳಬೇಕಾದವನು ನಾನು.

ಹೊಲಿಯಲು ಬಾರದಷ್ಟು ಕೆಟ್ಟಿದ್ದರೆ ಬೆನ್ನಿನ ಕಡೆಯ ಬೇರೊಂದು ಸ್ನಾಯುವಿನ ರಜ್ಜನ್ನು ತಂದು ಕಟ್ಟುವುದುಂಟು. ಕೀಲೇ ಸವೆದಿದ್ದರೆ ತಿರುವುಮುರುವು ಕೀಲು ಹಾಕುತ್ತಾರೆ: ಚೆಂಡು ಇರುವಲ್ಲಿ ತಟ್ಟೆ, ತಟ್ಟೆ ಇರುವಲ್ಲಿ ಚೆಂಡು. ಆಗ ರಟ್ಟೆಸ್ನಾಯು ಒಂದೇ ಕೈಯನ್ನು ಎತ್ತಬಲ್ಲದು. ಫ್ರಾನ್ಸಿನ ಪೌಲ್ ಗ್ರಾಮೋಂ 1985ರಲ್ಲಿ ಈಗಿನ ರೂಪಕ್ಕೆ ತಂದ ವಿದ್ಯೆ. ನಿಮ್ಮ ತಂದೆಗೆ ಅಲ್ಲಿಯವರೆಗೆ ಹೋಗಬೇಕಾಗಿಲ್ಲ ಎಂದುಕೊಳ್ಳುತ್ತೇನೆ.

ಗುರುವಾರ ಕೇಳಬೇಕಾದದ್ದು ಇಷ್ಟು: ಪಕ್ಕದ ಇನ್‌ಫ್ರಾಸ್ಪೈನೇಟಸ್ ಸ್ನಾಯುವಿನ ದರ್ಜೆ ಎಷ್ಟು? ರಜ್ಜನ್ನು ಎಳೆದರೆ ಮೂಳೆಯವರೆಗೆ ಬರುತ್ತದೆಯೇ? ಆಪರೇಷನ್ನಿನಿಂದ ನೋವು ಹೋಗುತ್ತದೆಯೋ, ಬಲ ಬರುತ್ತದೆಯೋ, ಎರಡೂ ಆಗುತ್ತದೆಯೋ? ಕೊನೆಯ ಇಂಜೆಕ್ಷನ್ ಯಾವಾಗ ಆಯಿತೆಂದು ನೀವಾಗಿಯೇ ಹೇಳಿ. ಇಂಜೆಕ್ಷನ್ ಆದ ಒಂದು ತಿಂಗಳೊಳಗೆ ಆಪರೇಷನ್ ಮಾಡಿದರೆ ಸೋಂಕಿನ ಅಪಾಯ ಹೆಚ್ಚು.

ತೋಟದಮನೆ, ಚನ್ನಗಿರಿ ತಾಲ್ಲೂಕು · ಗುರುವಾರ ರಾತ್ರಿ 9.50

ಹೋಗಿಬಂದೆವು. ಪ್ರಶ್ನೆಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರು ಚೀಟಿಯನ್ನೇ ಇಸಿದುಕೊಂಡು ಒಂದೊಂದಾಗಿ ಉತ್ತರಿಸಿದರು. ಇನ್‌ಫ್ರಾಸ್ಪೈನೇಟಸ್ ಗ್ರೇಡ್ 1, ಅದರ ರಜ್ಜಿನ ಮುಂಭಾಗವೂ ಸ್ವಲ್ಪ ಹರಿದಿದೆ, ಅದನ್ನು ಉಳಿಸಿಕೊಳ್ಳುವುದಕ್ಕಾಗಿಯಾದರೂ ಹೊಲಿಯಬೇಕು ಎಂದರು. ಸುಪ್ರಾಸ್ಪೈನೇಟಸ್ ಪೂರ್ತಿ ಬಂದರೆ ಸರಿ, ಇಲ್ಲದಿದ್ದರೆ ಬಂದಷ್ಟು. ತುಂಬಿದ ಕೊಬ್ಬು ಹಾಗೆಯೇ ಇರುತ್ತದೆ. ರಾತ್ರಿಯ ನೋವು ಕಡಿಮೆಯಾಗುವ ಭರವಸೆ ಇದೆ. ಆರು ವಾರ ಕೈ ಜೋಳಿಗೆಯಲ್ಲಿ, ಮೂರು ತಿಂಗಳ ಮೇಲೆ ಬಲದ ವ್ಯಾಯಾಮ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ದೋಟಿ ಹಿಡಿಯಬಹುದಾ ಸಾರ್?" ಡಾಕ್ಟರು ತಕ್ಷಣ ಇಲ್ಲ ಎನ್ನಲಿಲ್ಲ. ಅಪ್ಪನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಅಂಗೈಯ ಗಂಟುಗಳನ್ನು ನೋಡಿದರು. ಆಮೇಲೆ ಇಲ್ಲ ಎಂದರು.

ಬಸ್ಸಿನಲ್ಲಿ ಅಪ್ಪ ಮಾತಾಡಲಿಲ್ಲ. ಊರು ಹತ್ತಿರವಾದಾಗ "ಈ ವರ್ಷ ತೋಟವನ್ನು ಚೇಣಿಗೆ ಕೊಡೋಣ" ಎಂದರು. ಚೇಣಿಗೆ ಕೊಡುವವರನ್ನು, ಅಂದರೆ ಫಸಲನ್ನು ಗುತ್ತಿಗೆಗೆ ಬಿಟ್ಟುಕೊಡುವವರನ್ನು, ಸೋಮಾರಿಗಳು ಎಂದು ಮೂವತ್ತು ವರ್ಷ ಬಯ್ದ ಮನುಷ್ಯ.

ಕೋಟೆಕೆಳಗೆ, ಚಿತ್ರದುರ್ಗ · ರಾತ್ರಿ 10.04

ತಂಗಿ, ಮೊದಲು ಕಾಯಲು ಹೇಳಿದ್ದು ನಾನು. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ.

ಬೆಣ್ಣೆಪಕ್ಷ · ರಾತ್ರಿ 10.11

ಒಂದು ವಿಷಯ ಬಿಟ್ಟುಹೋಯಿತು. ಬೆಣ್ಣೆ?

ತೋಟದಮನೆ, ಚನ್ನಗಿರಿ ತಾಲ್ಲೂಕು · ರಾತ್ರಿ 10.20

ಬಸ್ ಹತ್ತುವ ಮೊದಲು ಎರಡು ದೋಸೆ ತಿಂದರು, ಎಡಗೈಯಲ್ಲಿ. ಬೀಡಿ ಬಿಡಬೇಕು ಎಂದಿದ್ದಾರೆ, ಅದಕ್ಕೆ ಮಾತ್ರ ಮುಖ ಗಂಟು ಹಾಕಿಕೊಂಡಿದ್ದಾರೆ.

ಹಮಾಲಿಮಗ, ದಾವಣಗೆರೆ · ರಾತ್ರಿ 10.37

ಅಕ್ಕ, ಆಪರೇಷನ್ ಆದಮೇಲೆ ಕೆಲವು ವಾರ ಅಂಗಾತ ಮಲಗಲು ಆಗುವುದಿಲ್ಲ, ಭುಜ ಹಿಂದಕ್ಕೆ ಬಿದ್ದು ಜೀವ ಹಿಂಡುತ್ತದೆ. ಅರ್ಧ ಕೂತಂತೆ ಒರಗಿಯೇ ನಿದ್ದೆ ಮಾಡಬೇಕು. ನಮ್ಮ ಮನೆಯಲ್ಲಿ ಆಗ ಕೊಂಡ ಆರಾಮ ಕುರ್ಚಿ ಇದೆ, ಈಗ ಅದರ ಮೇಲೆ ಬಟ್ಟೆ ರಾಶಿ ಹಾಕುತ್ತೇವೆ. ನಿಮ್ಮ ಕಡೆಗೆ ಗೊಬ್ಬರದ ಲಗೇಜ್ ಆಟೋ ಹೋಗುತ್ತಿರುತ್ತದೆ, ಹಾಕಿ ಕಳಿಸುತ್ತೇನೆ. ಯಾವ ದಿನ ಎಂದು ಹೇಳಿ.

ತೋಟದಮನೆ, ಚನ್ನಗಿರಿ ತಾಲ್ಲೂಕು · ರಾತ್ರಿ 10.41

ಮುಂದಿನ ತಿಂಗಳ ಮೊದಲ ವಾರ ತಾರೀಖು ಕೊಟ್ಟಿದ್ದಾರೆ. ಅದಕ್ಕೆ ಎರಡು ದಿನ ಮುಂಚೆ ಸಿಕ್ಕರೆ ಸಾಕು ತಮ್ಮ. ಆಟೋದವರಿಗೆ ಬಸ್ ನಿಲ್ದಾಣದ ಹತ್ತಿರ ಇಳಿಸಲು ಹೇಳಿ, ನಾನೇ ಬಂದು ಇಳಿಸಿಕೊಳ್ಳುತ್ತೇನೆ. ಅಪ್ಪನನ್ನು ಕಳಿಸಿದರೆ ಬಲಗೈ ಹಾಕಿಯೇ ಎತ್ತುತ್ತಾರೆ.